ಬೀಗಿತ್ತಿಯ ಭಾಷೆ

ನಂಜನಗೂಡು
11 ಮೇ 2025

ವಿಶಾಲೂ,

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ನನ್ನ ಸಿಟ್ಟು ಇಳಿಯಲಿ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನಿನ್ನ ಸೊಸೆ ಸುನೀತಾ ಓದಿ ನಿನಗೆ ಸಾರಾಂಶ ಹೇಳುತ್ತಾಳೆ. ಈಗ ನನಗೆ ಸಿಟ್ಟು ಬಂದಿರುವುದೇ ಸಾರಾಂಶ ಹೇಳುವವರ ಮೇಲೆ.

ನಮ್ಮ ರಂಜನಿಗೆ ನಾಲ್ಕು ತಿಂಗಳು. ಅಕ್ಟೋಬರ್ ಕೊನೆಗೆ ಹೆರಿಗೆ. ಸಂತೋಷದ ವಿಷಯ, ಸಂತೋಷಪಟ್ಟೆ. ಏಪ್ರಿಲ್ ಕೊನೆಯ ಭಾನುವಾರ ವಿಡಿಯೋ ಕಾಲ್ ಮಾಡಿದಳು. ಪಕ್ಕದಲ್ಲಿ ಅವಳ ಅತ್ತೆ ಕೂತಿದ್ದರು. ನಿನಗೆ ಗೊತ್ತಲ್ಲ, ಥಾಯ್ಲೆಂಡಿನ ರಾಚಬುರಿ ಎಂಬ ಊರಿನಲ್ಲಿ ಇವಳು ವಿಜ್ಞಾನದ ಟೀಚರು, ಅದೇ ಸ್ಕೂಲಿನ ಡ್ರಿಲ್ ಮಾಸ್ಟರು ಚೈವತ್ ನಮ್ಮ ಅಳಿಯ. ಬೀಗಿತ್ತಿಯ ಹೆಸರು ಮಾಲೀ, ಹಾಗೆಂದರೆ ಮಲ್ಲಿಗೆಯಂತೆ. ನಾನು ಕೈಮುಗಿದು ಹೇಳಿದೆ: ಚೊಚ್ಚಲ ಬಾಣಂತನ ತವರಿನದು, ಮಗಳು ಇಲ್ಲಿಗೆ ಬರಲಾಗದಿದ್ದರೆ ನಾನೇ ಬರುತ್ತೇನೆ, ಮೂರು ತಿಂಗಳು ಇರುತ್ತೇನೆ, ಎಣ್ಣೆನೀರು, ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಬಟ್ಟೆ ಕಟ್ಟುವುದು, ಮೆಣಸು ಜೀರಿಗೆಯ ಸಾರು, ಎಲ್ಲ ನನ್ನ ಕೈಯಿಂದಲೇ ಆಗಬೇಕು. ನನ್ನ ಒಲೆ, ನನ್ನ ಪಾತ್ರೆ ನಾನೇ ತರುತ್ತೇನೆ, ನಿಮಗೇನೂ ತೊಂದರೆಯಿಲ್ಲ ಎಂದೂ ಹೇಳಿದೆ. ಐದು ನಿಮಿಷ ಮಾತಾಡಿದ್ದೇನೆ. ರಂಜನಿ ಅದನ್ನು ನಾಲ್ಕು ಪದದಲ್ಲಿ ಮುಗಿಸಿದಳು. ಆಮೇಲೆ ಬೀಗಿತ್ತಿ ಶುರುಮಾಡಿದರು ನೋಡು. ಕೈ ಆಡಿಸುತ್ತಾರೆ, ಹೊಟ್ಟೆ ಸವರಿ ತೋರಿಸುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ಅಷ್ಟಕ್ಕೂ ನನ್ನ ಮಗಳು ಹೇಳಿದ್ದು ಇಷ್ಟು: "ನೀವು ತೊಂದರೆ ತಗೋಬೇಡಿ ಅಂತಿದಾರೆ ಅಮ್ಮ."

ಮೂವತ್ತನಾಲ್ಕು ವರ್ಷ ಪಾಠ ಮಾಡಿದವಳು ನಾನು. ಒಂದು ಪುಟದ ಉತ್ತರವನ್ನು ಒಂದು ಸಾಲಿನಲ್ಲಿ ಬರೆದ ಮಕ್ಕಳ ಕೈಯಲ್ಲಿ ಮತ್ತೆ ಬರೆಸಿದ್ದೇನೆ. ಇವಳನ್ನು ಏನು ಮಾಡಲಿ?

ಮದುವೆಯಲ್ಲೂ ಹೀಗೇ ಆಗಿತ್ತು. ಎರಡು ವರ್ಷದ ಹಿಂದೆ, ಮೈಸೂರಿನ ಛತ್ರದಲ್ಲಿ. ಬೀಗಿತ್ತಿ ಅಲ್ಲಿ ಸಂತೆಯಲ್ಲಿ ಸಿಹಿತಿಂಡಿ ಮಾಡಿ ಮಾರುವವರು. ತೆಂಗಿನ ಹಾಲು, ಬೆಲ್ಲ, ಅಕ್ಕಿಹಿಟ್ಟು ಹಾಕಿ ಗಂಟೆಗಟ್ಟಲೆ ಕೈಯಾಡಿಸಿ ಮಾಡುವ ಕಲಮೇ ಅನ್ನುವ ಸಿಹಿ, ಮದುವೆಗೆ ಮಾಡಲೇಬೇಕಂತೆ, ಒಂದು ಡಬ್ಬಿ ತುಂಬ ತಂದಿದ್ದರು. ಎರಡೂ ಕೈಯಲ್ಲಿ ಇಸಕೊಂಡೆ. ಮೀನು ಬೇಯಿಸುವ ಮನೆ, ಯಾವ ಪಾತ್ರೆಯೋ ಏನೋ, ಆಮೇಲೆ ಪಾತ್ರೆ ತೊಳೆಯುವ ಹೆಂಗಸಿಗೆ ಕೊಟ್ಟೆ. ಬಿಸಾಡಲಿಲ್ಲವಲ್ಲ. ಆಗಲೂ ಬೀಗಿತ್ತಿ ಏನೋ ಕೇಳಿದರು, ಇವಳು ಏನೋ ಹೇಳಿದಳು, ಅವರು ನನ್ನ ಕಡೆ ತಿರುಗಿ ತಲೆ ಬಾಗಿಸಿ ಕೈಮುಗಿದರು. ಏನು ಅಂದರೆ, "ಏನಿಲ್ಲ ಬಿಡಮ್ಮ."

ಆದ್ದರಿಂದ ನಾನೇ ಥಾಯ್ ಕಲಿಯುತ್ತೇನೆ. ನಗಬೇಡ, ನಗುವುದಕ್ಕೆ ಇಲ್ಲಿ ನಮ್ಮ ಯಜಮಾನರಿದ್ದಾರೆ. ಮೈಸೂರಿನ ಪುಸ್ತಕದಂಗಡಿಯಲ್ಲಿ ಥಾಯ್ ಪುಸ್ತಕ ಕೇಳಿದರೆ ಅಡುಗೆ ಪುಸ್ತಕ ತಂದುಕೊಟ್ಟರು, ಮುಖಪುಟದಲ್ಲೇ ಸೀಗಡಿ. ಕನ್ನಡದ ಮೂಲಕ ಕಲಿಸುವುದು ನನಗೆ ಯಾವುದೂ ಸಿಗಲಿಲ್ಲ, ಎಲ್ಲದಕ್ಕೂ ಇಂಗ್ಲಿಷಿನ ಬಾಗಿಲಿನಿಂದಲೇ ನುಗ್ಗಬೇಕು. ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಹನ್ನೆರಡು ದಿನವಾಯಿತು, ಹುಡುಗ ಸೇಬು ತಿನ್ನುತ್ತಿದ್ದಾನೆ. ಇವತ್ತೂ ತಿನ್ನುತ್ತಿದ್ದಾನೆ. ಒಂದು ದಿನ ತಪ್ಪಿಸಿದರೆ ಅಳುವ ಮುಖ ಬೇರೆ ತೋರಿಸುತ್ತದೆ.

ಮಿಕ್ಕಂತೆ ಎಲ್ಲ ಕ್ಷೇಮ.

ಉರಿಯುತ್ತಿರುವ
ವೆಂಕಟಲಕ್ಷ್ಮಿ

*

ಟಿ. ನರಸೀಪುರ
23 ಮೇ 2025

ವೆಂಕೂ,

ನಿನ್ನ ಕಾಗದವನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ಪುಟ್ಟರಾಜು ಅವರದು ಗೊತ್ತಲ್ಲ, ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು: "ಬೀಗಿತ್ತೀರು ಜಗಳ ಆಡಾಕೆ ಬಾಸೆ ಯಾಕಮ್ಮಿ ಬೇಕು, ಕಣ್ಣಲ್ಲೇ ಆಯ್ತದಲ್ಲ."

ನೀನು ಟಿ.ಸಿ.ಎಚ್. ಓದುವಾಗಲೂ ಹೀಗೇ ಇದ್ದೆ. ಪಾಠ ಶುರುವಾಗುವ ಮೊದಲೇ ನಾಲ್ಕು ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ ಸುಸ್ತಾಗಿರುತ್ತಿದ್ದೆ. ಈಗ ಯಾವ ಆ್ಯಪ್, ಯಾವ ಪುಸ್ತಕ ಅಂತ ಹುಡುಕುವುದರಲ್ಲೇ ಅಕ್ಟೋಬರ್ ಬಂದುಬಿಡುತ್ತದೆ. ಮೊದಲು ನಿನಗೆ ಏನು ಹೇಳಬೇಕಾಗಿದೆ ಅಂತ ಬರೆದುಕೋ. ಬಚ್ಚಲುಮನೆಗೂ ಅಡುಗೆಮನೆಗೂ ಬೇಕಾದ ಮಾತು ಮೂವತ್ತು ಇರಬಹುದು. ನೀರು, ಬಿಸಿ, ಸಾಕು, ನೋವು, ಹಾಲು, ಮಲಗು. ಆ ಮೂವತ್ತನ್ನು ಮನುಷ್ಯರ ದನಿಯಲ್ಲಿ ಹೇಳಿಕೊಡುವುದು ಯಾವುದಿದೆಯೋ ಅದೊಂದನ್ನು ಇಟ್ಟುಕೊಂಡು ಉಳಿದದ್ದು ಬಿಟ್ಟುಬಿಡು. ಸೇಬು ತಿನ್ನುವ ಹುಡುಗನಿಗೂ ಬಾಣಂತಿಗೂ ಏನು ಸಂಬಂಧ?

ಇನ್ನೊಂದು. ರಂಜನಿ ನನ್ನ ಕಣ್ಣೆದುರು ಬೆಳೆದವಳು. ಯಾಕೆ ಮಾತು ಮೊಟಕು ಮಾಡಿದೆ ಅಂತ ಅವಳನ್ನೇ ಕೇಳಿದೆಯಾ?

ಆ ಸಿಹಿಯ ಡಬ್ಬಿಯ ವಿಷಯದಲ್ಲಿ ನನಗೂ ಒಂದು ಹೇಳುವುದಿದೆ. ಅದನ್ನು ಯಾವಾಗಲಾದರೂ ಬರೆಯುತ್ತೇನೆ.

ನಿನ್ನ
ವಿಶಾಲ

*

ನಂಜನಗೂಡು
6 ಜುಲೈ 2025

ವಿಶಾಲೂ,

ಕೇಳಿದೆ. "ಅಮ್ಮ, ನಿನ್ನ ಎಲ್ಲ ಮಾತೂ ಹೇಳೋಕಾಗಲ್ಲ" ಅಂದಳು. ಅಷ್ಟೇ. ಇಲ್ಲಿ ಬಾಣಂತನ ಎಲ್ಲ ಮಾಡಲ್ಲ, ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ, ನೀನು ಮಗುವಿಗೆ ಆರು ತಿಂಗಳಾದ ಮೇಲೆ ಬಾ ಅಂದಳು. ಆರು ತಿಂಗಳಾದ ಮೇಲೆ ಹೋಗಲು ನಾನೇನು ಪ್ರವಾಸಿಯೇ?

ನಿನ್ನ ಮಾತಿನಂತೆ ಆ್ಯಪ್ ತೆಗೆದುಹಾಕಿದೆ. ತಿಂಗಳಲ್ಲಿ ಥಾಯ್ ಕಲಿಸುತ್ತೇವೆ ಅನ್ನುವ ಇಂಗ್ಲಿಷ್ ಪುಸ್ತಕವೊಂದನ್ನು ತರಿಸಿದೆ. ಅದರಲ್ಲಿ ಒಂದೇ ಒಂದು ಥಾಯ್ ಅಕ್ಷರವಿಲ್ಲ ಕಣೇ! ಎಲ್ಲ ಎ ಬಿ ಸಿ ಡಿಯಲ್ಲಿ. ಆ ಭಾಷೆಯಲ್ಲಿ ಐದು ರಾಗವಿದೆ. 'ಮಾ' ಅನ್ನುವುದು ಒಂದು ರಾಗದಲ್ಲಿ ಬಾ, ಇನ್ನೊಂದರಲ್ಲಿ ಕುದುರೆ, ಮತ್ತೊಂದರಲ್ಲಿ ನಾಯಿ. ಪುಸ್ತಕದಲ್ಲಿ ಮೂರಕ್ಕೂ ಒಂದೇ 'ma'. ಇದನ್ನು ನಂಬಿ ಬೀಗಿತ್ತಿಯನ್ನು ಏನೆಂದು ಕರೆಯಲಿ? ಅಕ್ಷರ ಕಲಿಸದೆ ಭಾಷೆ ಕಲಿಸುತ್ತೇವೆ ಅನ್ನುವವರನ್ನು ಒಂದು ವರ್ಷ ಒಂದನೇ ತರಗತಿಗೆ ಹಾಕಬೇಕು.

ಕೊನೆಗೆ ದಾರಿ ಸಿಕ್ಕಿತು. ನಮ್ಮ ಬೀದಿಯ ಗೊಬ್ಬರದಂಗಡಿ ಅಮೃತೇಶ್ ಗೊತ್ತಲ್ಲ, ಕಂಪನಿಯವರು ಡೀಲರುಗಳನ್ನೆಲ್ಲ ವರ್ಷ ವರ್ಷ ಥಾಯ್ಲೆಂಡಿಗೆ ಕರೆದುಕೊಂಡು ಹೋಗುತ್ತಾರೆ. ಮೂರು ಸಲ ಹೋಗಿಬಂದಿದ್ದಾನೆ, ಒಂದು ಪದ ಬರುವುದಿಲ್ಲ. ಕೇಳಿದರೆ, "ಮೇಡಂ, ನಾವು ಮಾತಾಡೋ ಕೆಲಸ ಏನಿರ್ತದೆ ಅಲ್ಲಿ?" ಅಂದ. ಅದಕ್ಕೆ ಅವನ ಹೆಂಡತಿ ಅವನನ್ನು ನೋಡಿದ ನೋಟ ಇರಲಿ. ಈ ಸಲ ಹೋದಾಗ ಅಲ್ಲಿನ ಒಂದನೇ ತರಗತಿಯ ಪಠ್ಯಪುಸ್ತಕ, ಅಕ್ಷರಗಳ ಚಾರ್ಟು ತರಲೇಬೇಕು ಎಂದು ಅವಳ ಎದುರಿಗೇ ಹೇಳಿದೆ. ಪಾಪ, ತಂದುಕೊಟ್ಟ.

ಅದ್ಭುತ ಕಣೇ. ನಮ್ಮ ಕ ಖ ಗ ದ ಸಾಲೇ, ದಾರಿಯಲ್ಲಿ ಒಂದಷ್ಟು ನೆಂಟರು ಸೇರಿಕೊಂಡಿದ್ದಾರೆ. ಆದರೆ ಚಾರ್ಟಿನಲ್ಲಿ ಮೊದಲನೆಯ ಅಕ್ಷರಕ್ಕೆ ಕೋಳಿ, ಎರಡನೆಯದಕ್ಕೆ ಮೊಟ್ಟೆ. ದೇವರ ಮನೆಯ ಗೋಡೆಗೆ ಅಂಟಿಸಿದ್ದೆ, ಯಜಮಾನರು ಬೆಚ್ಚಿಬಿದ್ದು ಕಿತ್ತು ವರಾಂಡಕ್ಕೆ ಹಾಕಿದರು. ಒಳ್ಳೆಯ ದಿನ ನೋಡಿ ಹರಿವಾಣದಲ್ಲಿ ಅಕ್ಕಿ ಹರವಿ ಬೆರಳಿನಿಂದ ಮೊದಲಕ್ಷರ ತಿದ್ದಿದೆ. ಅರವತ್ತೊಂದನೇ ವಯಸ್ಸಿನಲ್ಲಿ ಅಕ್ಷರಾಭ್ಯಾಸ. ಈಗ ಅಕ್ಷರಕ್ಕೊಂದು ರಟ್ಟಿನ ಮಿಂಚುಪಟ್ಟಿ ಮಾಡಿಕೊಂಡು ದಿನಕ್ಕೆ ಎರಡು ಗಂಟೆ ಕೂರುತ್ತೇನೆ. ಅಳಿಯನ ಹೆಸರನ್ನು ಅವರ ಅಕ್ಷರದಲ್ಲಿ ಓದಿದರೆ ನಮ್ಮ ಜಯವರ್ಧನನೇ!

ಒಂದೇ ಬೇಸರ. ಓದಲು ಬರುತ್ತದೆ, ಅವರು ಮಾತಾಡಿದರೆ ಒಂದಕ್ಷರ ಹಿಡಿಯಲಾಗುವುದಿಲ್ಲ. ಸ್ಪಷ್ಟವಾಗಿ ಮಾತಾಡುವ ಅಭ್ಯಾಸ ಆ ಜನಕ್ಕಿಲ್ಲ ಅನ್ನಿಸುತ್ತದೆ.

ನಿನ್ನ
ವೆಂಕು

*

ಟಿ. ನರಸೀಪುರ
15 ಜುಲೈ 2025

ವೆಂಕೂ,

ಆ ಜನಕ್ಕೆ ಮಾತಾಡಲು ಬರುವುದಿಲ್ಲವೋ, ನಿನಗೆ ಕೇಳಿಸಿಕೊಳ್ಳಲು ಬರುವುದಿಲ್ಲವೋ? ಒಂದನೇ ತರಗತಿಗೆ ಬಂದ ಮಗುವಿಗೆ ನೀನು ಮೊದಲ ದಿನವೇ ಅಕ್ಷರ ತಿದ್ದಿಸುತ್ತಿದ್ದೆಯಾ? ಆರು ವರ್ಷ ಅಮ್ಮನ ಮಾತು ಕೇಳಿಕೊಂಡು ಬಂದಿರುತ್ತದಲ್ಲ ಅದು. ನಿನಗೆ ಆ ಆರು ವರ್ಷವೇ ಇಲ್ಲ, ನೇರವಾಗಿ ಉಕ್ತಲೇಖನಕ್ಕೆ ಕೂತಿದ್ದೀಯ.

ನನ್ನ ಕಿವಿ ಹೋಗಿ ನಾಲ್ಕು ವರ್ಷವಾಯಿತು. ಪೇಪರು ಓದುತ್ತೇನೆ, ಟಿವಿಯ ಕೆಳಗೆ ಓಡುವ ಸಾಲು ಓದುತ್ತೇನೆ. ಆದರೆ ಒಲೆಯ ಮುಂದೆ ಮೊಮ್ಮಗಳು ತನ್ನಷ್ಟಕ್ಕೆ ಏನೋ ಗುಣುಗುತ್ತಾಳಲ್ಲ, ಅದನ್ನು ಯಾರೂ ನನಗೆ ಬರೆದುಕೊಡುವುದಿಲ್ಲ. ಅದಕ್ಕಾಗಿ ಎಷ್ಟು ದಿನ ಅತ್ತಿದ್ದೇನೆ ಅಂತ ನಿನಗೆ ಹೇಳಿಲ್ಲ. ಎರಡು ಒಳ್ಳೆಯ ಕಿವಿ ಇಟ್ಟುಕೊಂಡು ನೀನಾಗಿ ಕಿವುಡಿಯಾಗಬೇಡ ಕಣೇ, ನನಗೆ ಕೋಪ ಬರುತ್ತದೆ.

ಚಾರ್ಟು ಗೋಡೆಯ ಮೇಲಿರಲಿ. ದಿನಾ ಬೆಳಗ್ಗೆ ಹತ್ತು ನಿಮಿಷ ಬೀಗಿತ್ತಿಗೇ ಫೋನ್ ಮಾಡು, ಮಗಳನ್ನು ನಡುವೆ ಕೂರಿಸಬೇಡ. ಪಾತ್ರೆ ತೋರಿಸು, ಸೌಟು ತೋರಿಸು, ಇದೇನು ಅಂತ ಕೇಳು. ಅವರಿಗಿಂತ ಒಳ್ಳೆಯ ಪುಸ್ತಕ ಅಮೃತೇಶನಿಗೆ ಸಿಗುವುದಿಲ್ಲ.

ನಿನ್ನ
ವಿಶಾಲ

*

ನಂಜನಗೂಡು
14 ಸೆಪ್ಟೆಂಬರ್ 2025

ವಿಶಾಲೂ,

ನಿನ್ನ ಮಾತು ಕೇಳಿದ್ದಕ್ಕೆ ಏನೇನು ಹೊರಬಂತು ನೋಡು. ಇವತ್ತು ಊಟ ಸೇರಿಲ್ಲ ನನಗೆ.

ಎರಡು ತಿಂಗಳಿಂದ ದಿನಾ ಏಳು ಗಂಟೆಗೆ ಕರೆ ಮಾಡುತ್ತೇನೆ, ಅಲ್ಲಿ ಆಗ ಎಂಟೂವರೆ. ರಂಜನಿ ಸ್ಕೂಲಿಗೆ ಹೋಗಿರುತ್ತಾಳೆ. ಬೀಗಿತ್ತಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಕೆಲಸ ಮಾಡುತ್ತಿರುತ್ತಾರೆ. 'ನೀ ಅರೈ' ಎಂದರೆ ಇದೇನು. ನಾನು ಶುಂಠಿ ತೋರಿಸುತ್ತೇನೆ, ಅವರು ಹೇಳುತ್ತಾರೆ. ಅವರು ಅರಿಸಿನ ತೋರಿಸುತ್ತಾರೆ, ನಾನು ಹೇಳುತ್ತೇನೆ. ತಪ್ಪಿದರೆ ಬೈಯುವುದಿಲ್ಲ, ಇನ್ನೊಂದು ಸಲ ಹೇಳುತ್ತಾರೆ. ಒಳ್ಳೆಯ ಟೀಚರು ಕಣೇ.

ಹೋದ ವಾರ ಒಂದು ಕೆಂಡದ ಅಗ್ಗಿಷ್ಟಿಕೆ ತೋರಿಸಿದರು. ಹೊಸದು. ಹೊಟ್ಟೆಗೆ ಸುತ್ತುವ ಉದ್ದನೆಯ ಬಟ್ಟೆ ತೋರಿಸಿದರು. ಮಲಗುವ ಹಾಗೆ ಮಾಡಿ, ಪಕ್ಕದಲ್ಲಿ ಬೆಂಕಿ ಅಂದರು, ಮಗು ಅಂದರು, ರಂಜನಿ ಅಂದರು. ಅವರಲ್ಲೂ ಇದೆ! ಬೆಂಕಿ ಕಾಯಿಸುವುದು, ಸೊಪ್ಪು ಹಾಕಿದ ಬಿಸಿನೀರು, ಹೊಟ್ಟೆ ಕಟ್ಟುವುದು, ನಮ್ಮದೇ ಬಾಣಂತನ. 'ಇಲ್ಲಿ ಅದೆಲ್ಲ ಮಾಡಲ್ಲ' ಅಂದಿದ್ದಳಲ್ಲ ನನ್ನ ಮಗಳು? ಅಷ್ಟೇ ಅಲ್ಲ. ಬೀಗಿತ್ತಿ ದಿನಾ ಕರೆ ಮುಗಿಸುವ ಮೊದಲು 'ಮಾ ಮೈ' ಅಂತ ಕೇಳುತ್ತಿದ್ದರು. ಬರುತ್ತೀರಾ? ಬರುತ್ತೇನೆ ಎಂದರೆ, 'ಅಮ್ಮ ಬರುವುದಿಲ್ಲ, ರಂಜನಿ ಹೇಳಿದಳು' ಎಂದರು. ನಾನು ಬರಲು ಒಲ್ಲೆ ಎಂದಿದ್ದೇನೆ ಎಂದು ಇವಳು ಹೇಳಿಟ್ಟಿದ್ದಾಳೆ!

ಇದಕ್ಕಿಂತ ದೊಡ್ಡದು ಇವತ್ತು ಗೊತ್ತಾಯಿತು. ಅವರು ಕಲಮೇ ಕಟ್ಟುತ್ತಿದ್ದರು. ತುಂಬ ಚೆನ್ನಾಗಿದೆ, ತಿನ್ನಿ ಎಂದು ನನಗೆ ಬಂದಷ್ಟರಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ನನ್ನ ಕಡೆ ಬೆರಳು ತೋರಿಸಿ, ಅಮ್ಮ ತಿನ್ನುವುದಿಲ್ಲ, ತಮ್ಮ ಎದೆ ಮುಟ್ಟಿಕೊಂಡು, ನಾನೂ ತಿನ್ನುವುದಿಲ್ಲ. ಮಗು ಬರಲಿ, ಅಮ್ಮ ತಿನ್ನುತ್ತಾರೆ, ನಾನೂ ತಿನ್ನುತ್ತೇನೆ. ಬರೀ ನಾಲ್ಕು ಪದ ಕಣೇ: ಅಮ್ಮ, ಮಗು, ತಿನ್ನು, ಇಲ್ಲ. ಒಂದನೇ ಪಾಠದ ಪದಗಳು. ಮೂರು ಸಲ ಹೇಳಿಸಿದೆ. ಕೊನೆಗೆ ದೇವರಿಗೆ ಕೈಮುಗಿದು ತೋರಿಸಿ, ನಂಜುಂಡೇಶ್ವರ ಅಂದರು, ಮದುವೆ ಅಂದರು, ರಂಜನಿ ಹೇಳಿದಳು ಅಂದರು. ಮೊಮ್ಮಗು ಹುಟ್ಟುವ ತನಕ ಸಿಹಿ ಮುಟ್ಟುವುದಿಲ್ಲ ಅಂತ ನಾನು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೇನೆ ಎಂದು ಮದುವೆಯ ದಿನ ರಂಜನಿ ಅವರಿಗೆ ಹೇಳಿದ್ದಾಳೆ! ಅದನ್ನು ಕೇಳಿ ಆ ಹೆಂಗಸು, ಸಿಹಿ ಮಾರಿ ಬದುಕುವ ಹೆಂಗಸು, ನನ್ನ ಜೊತೆಗೆ ತಾವೂ ಹರಕೆ ಹೊತ್ತಿದ್ದಾರೆ. ಎರಡೂವರೆ ವರ್ಷ. ಆಗತಾನೇ ಎರಡು ಚೂರು ಮೈಸೂರು ಪಾಕು ತಿಂದು ಕೂತಿದ್ದೆ ನಾನು.

ನನ್ನ ಹೆಸರಿನಲ್ಲಿ, ದೇವರ ಹೆಸರಿನಲ್ಲಿ ಸುಳ್ಳು! ಇಂಥ ಸುಳ್ಳನ್ನು ಎಲ್ಲಿ ಕಲಿತಳು ಇವಳು? ರಂಜನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆಮೇಲಿಂದ ಅವಳ ಕರೆ ಎತ್ತುತ್ತಿಲ್ಲ.

ವೆಂಕಟಲಕ್ಷ್ಮಿ

*

ಟಿ. ನರಸೀಪುರ
19 ಸೆಪ್ಟೆಂಬರ್ 2025

ವೆಂಕಟಲಕ್ಷ್ಮಿ,

ಎಲ್ಲಿ ಕಲಿತಳು ಅಂತ ಕೇಳಿದ್ದೀಯ. ಹೇಳುತ್ತೇನೆ.

ಟಿ.ಸಿ.ಎಚ್. ಓದುವಾಗ ಹಾಸ್ಟೆಲಿನಲ್ಲಿ ನಮ್ಮ ಅವ್ವ ಕಜ್ಜಾಯ ಕಳಿಸಿದಾಗಲೆಲ್ಲ ಮೊದಲು ನಿನ್ನ ಮುಂದೆ ಹಿಡಿಯುತ್ತಿದ್ದೆ. ಇವತ್ತು ಸೋಮವಾರ ಕಣೇ, ವ್ರತ. ಇವತ್ತು ಏಕಾದಶಿ ಕಣೇ. ನಾನು ನಂಬುತ್ತಿದ್ದೆ. ನಿನಗೆಂದು ಎರಡು ಎತ್ತಿಟ್ಟು ಮಾರನೆಯ ದಿನ ಕೇಳುತ್ತಿದ್ದೆ. ಒಂದೇ ತಿಂಗಳಲ್ಲಿ ನಾಲ್ಕು ಏಕಾದಶಿ ಬಂದಾಗ ಗೊತ್ತಾಯಿತು. ಆಮೇಲೂ ಸುಮ್ಮನಿದ್ದೆ, ನೀನು ಬಿಟ್ಟರೆ ನನಗೆ ಅಲ್ಲಿ ಯಾರಿದ್ದರು? ಆಮೇಲೆ ಇದನ್ನೇ ನೀನು ತಮಾಷೆಯ ಕಥೆ ಮಾಡಿ ರಂಜನಿಗೆ ಹೇಳುತ್ತಿದ್ದೆ, ನಾನೂ ಎದುರಿಗೆ ಕೂತು ನಗುತ್ತಿದ್ದೆ. ನನ್ನ ಮಗನ ಮದುವೆಯಲ್ಲೂ ಒಂದು ಬಾಳೆಹಣ್ಣು ತಿಂದು ಎದ್ದೆ.

ನನಗೆ ನಗು ಬರುತ್ತಿರಲಿಲ್ಲ ವೆಂಕೂ. ನಲವತ್ತು ವರ್ಷವಾಯಿತು, ಇವತ್ತು ಹೇಳಿದ್ದೇನೆ. ನಿನ್ನ ಮಗಳು ಹೇಳಿದ್ದು ನಿನ್ನ ಸುಳ್ಳನ್ನೇ, ನಿನ್ನ ಮಾನ ಉಳಿಸುವುದಕ್ಕೆ.

ವಿಶಾಲ

*

ರಾಚಬುರಿ
27 ಸೆಪ್ಟೆಂಬರ್ 2025

ಅಮ್ಮ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೆ ಅಪ್ಪನ ಮೇಲ್‌ಗೆ ಕಳಿಸಿದ್ದೇನೆ. ಪ್ರಿಂಟ್ ತೆಗೆದು ಕೊಡುತ್ತಾರೆ.

ಛತ್ರದ ಹಿಂದುಗಡೆ ಕೈ ತೊಳೆಯಲು ಹೋದಾಗ ಆ ಡಬ್ಬಿ ಪಾತ್ರೆ ತೊಳೆಯುವವರ ಪಕ್ಕದಲ್ಲಿತ್ತು. ಅತ್ತೆ ನೋಡಿದರು. ಒಳಗೆ ಬಂದು ನಿನ್ನೆದುರಿಗೇ, ನಿಮ್ಮ ಅಮ್ಮನಿಗೆ ಇಷ್ಟವಾಗಲಿಲ್ಲವಾ ಅಂತ ನನ್ನನ್ನು ಕೇಳಿದರು. ಎರಡು ದಿನ ಒಲೆಯ ಮುಂದೆ ನಿಂತು ಮಾಡಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನನಗೆ ಒಂದು ನಿಮಿಷ ಇತ್ತು ಅಮ್ಮ. ಏನು ಹೇಳಬೇಕಿತ್ತು? ನಮ್ಮಮ್ಮ ನಿಮ್ಮ ಕೈಯಿಂದ ತಿನ್ನುವುದಿಲ್ಲ ಅಂತಲಾ? ಅವರೂ ಹರಕೆ ಹೊರುತ್ತಾರೆ ಅಂತ ನನಗೆ ಕನಸಿನಲ್ಲೂ ಇರಲಿಲ್ಲ. ಗೊತ್ತಾದ ಮೇಲೆ ನಿಜ ಹೇಳಲು ಧೈರ್ಯ ಬರಲಿಲ್ಲ. ಅವರು ಸಂತೆಗೆ ಸಿಹಿ ಕಟ್ಟುವಾಗಲೆಲ್ಲ ನಾನು ಆಚೆ ಹೋಗಿ ನಿಲ್ಲುತ್ತೇನೆ.

ನೀನು ಬರಬೇಕು ಅಂತ ನನಗೆ ಎಷ್ಟು ಆಸೆ ಗೊತ್ತಾ? ಆದರೆ ನೀನು ನಿನ್ನ ಒಲೆ, ನಿನ್ನ ಪಾತ್ರೆ ತರುತ್ತೇನೆ ಅಂದೆ. ಅವರ ಮನೆಯಲ್ಲಿ ಅವರೇ ತೊಳೆದ ಲೋಟವನ್ನು ನೀನು ಮತ್ತೆ ತೊಳೆಯುತ್ತೀಯ. ಅವರು ಯಾಕೆ ಅಂತ ಕೇಳುತ್ತಾರೆ. ಹಸಿ ಬಾಣಂತಿ ನಾನು ಮಲಗಿದಲ್ಲಿಂದಲೇ ಇನ್ನೊಂದು ಸುಳ್ಳು ಹುಡುಕಬೇಕು. ನನ್ನಿಂದ ಆಗುವುದಿಲ್ಲ ಅಮ್ಮ. ಮೊಟಕು ಮಾಡಿದ್ದು ಅದಕ್ಕೇ.

ರಂಜನಿ

*

ನಂಜನಗೂಡು
2 ಅಕ್ಟೋಬರ್ 2025

ರಂಜನಿ,

ಹದಿನೆಂಟಕ್ಕೆ ಟಿಕೆಟ್ ತೆಗೆದಿದ್ದೇನೆ. ಒಲೆ ತರುವುದಿಲ್ಲ. ಪಾತ್ರೆಯನ್ನೂ ತರುವುದಿಲ್ಲ. ಮೀನು ಮಾಂಸ ತಿನ್ನೆಂದರೆ ತಿನ್ನಲಾರೆ, ಅದನ್ನು ನಾನೇ ಅವರಿಗೆ ಹೇಳುತ್ತೇನೆ, ನನ್ನ ಬಾಯಿಂದ. ಉಳಿದದ್ದನ್ನೂ ನಾನೇ ಹೇಳುತ್ತೇನೆ. ನೀನು ಅದಕ್ಕೆ ಮೊದಲು ಏನೂ ಹೇಳಬೇಡ.

ಹಾಲು ಕುಡಿ.

ಅಮ್ಮ

*

ರಾಚಬುರಿ
16 ನವೆಂಬರ್ 2025

ವಿಶಾಲೂ,

ನಿನ್ನ ಕಾಗದಕ್ಕೆ ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೋಪವೇ ಬರುತ್ತಿತ್ತು. ಮೊದಮೊದಲು ನಿನ್ನ ಮೇಲೆ, ಆಮೇಲೆ ಯಾರ ಮೇಲೆ ಅಂತ ನೀನೇ ತಿಳಿದುಕೋ.

ರಂಜನಿಗೆ ಹೆಣ್ಣು ಮಗು, ಅಕ್ಟೋಬರ್ ಮೂವತ್ತಕ್ಕೆ. ಇಬ್ಬರೂ ಚೆನ್ನಾಗಿದ್ದಾರೆ. ಬೆಳಗ್ಗೆ ಎಣ್ಣೆನೀರು ನನ್ನದು, ಹೊಟ್ಟೆ ಕಟ್ಟುವುದು ಬೀಗಿತ್ತಿಯದು. ಅಗ್ಗಿಷ್ಟಿಕೆ ಎಷ್ಟು ದೂರ ಇಡಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ದಿನಾ ವಾದ, ಥಾಯ್‌ನಲ್ಲಿ. ಬಾಣಂತಿ ಇಬ್ಬರ ಮೇಲೂ ಕೂಗುತ್ತಾಳೆ.

ಹನ್ನೊಂದನೆಯ ದಿನ ಮಗುವಿಗೆ ನೀರು ಹಾಕಿ ಬಂದಾಗ ಬೀಗಿತ್ತಿ ಬಾಳೆಲೆಯಲ್ಲಿ ಕಲಮೇ ಇಟ್ಟುಕೊಂಡು ಕೂತಿದ್ದರು. ಹೊಸ ಸೀರೆ ತರಹದ್ದೇನೋ ಉಟ್ಟಿದ್ದರು. ಹರಕೆ ಮುಗಿಯಿತು, ಬನ್ನಿ, ಒಟ್ಟಿಗೆ ತಿನ್ನೋಣ ಅಂದರು. ನಾನು ಒಂದು ತಿಂಗಳಿಂದ ತಯಾರಿ ಮಾಡಿಕೊಂಡಿದ್ದೆ. ವಾಕ್ಯ ಬರೆದು, ಓದಿ, ಫೋನಿನಲ್ಲಿ ಹೇಳಿಸಿ ಕೇಳಿ, ಬಾಯಿಪಾಠ ಮಾಡಿದ್ದೆ. 'ನನಗೆ ಹರಕೆ ಇರಲಿಲ್ಲ. ನಾನು ತಿನ್ನಲಿಲ್ಲ' ಎನ್ನುವ ತನಕ ಬಂತು. ಆಮೇಲಿನ ವಾಕ್ಯ ಮರೆತೇಹೋಯಿತು. ಅವರು ಏನೂ ಅರ್ಥವಾಗದೆ ನಗುತ್ತಿದ್ದರು. ರಂಜನಿಯ ಕಡೆ ತಿರುಗಿದೆ. "ಕನ್ನಡದಲ್ಲಿ ಹೇಳ್ತೀನಿ, ನೀನು ಹೇಳು. ಒಂದಕ್ಷರ ಬಿಡಬೇಡ" ಎಂದೆ.

ಎಲ್ಲ ಹೇಳಿದೆ. ಡಬ್ಬಿ, ಪಾತ್ರೆ ತೊಳೆಯುವ ಹೆಂಗಸು, ಯಾಕೆ ಕೊಟ್ಟೆ, ಮೈಸೂರು ಪಾಕು. ನಿನ್ನ ನಾಲ್ಕು ಏಕಾದಶಿಯನ್ನೂ ಹೇಳಿದೆ. ರಂಜನಿ ಅಳುತ್ತಾ ಹೇಳಿದಳು. ನಾನು ಎಷ್ಟು ಹೊತ್ತು ಮಾತಾಡಿದೆನೋ ಅಷ್ಟೇ ಹೊತ್ತು ಅವಳೂ ಮಾತಾಡಿದಳು. ಎಲ್ಲವೂ ಅರ್ಥವಾಗಲಿಲ್ಲ ನನಗೆ, ಆದರೆ ಏನನ್ನೂ ಬಿಡಲಿಲ್ಲ ಅನ್ನುವುದು ಅರ್ಥವಾಯಿತು.

ಬೀಗಿತ್ತಿ "ಸೋಂಗ್ ಪೀ ಖ್ರುಂಗ್" ಅಂದರು. ಎರಡೂವರೆ ವರ್ಷ. ಎದ್ದು ಹೊರಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಚೈವತ್ ಹೋಗಿ ಕರೆದರೂ ಬರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು, ಕ್ಷಮಿಸಿ ಅನ್ನುವ ಪದ ನನ್ನ ಪಟ್ಟಿಯಲ್ಲಿತ್ತು, ಆದರೆ ಹೋಗಿ ಹೇಳದೆ ಮಗುವಿನ ಬಟ್ಟೆ ಮಡಿಸುತ್ತ ಕೂತೆ. ಸಾಯಂಕಾಲ ಬಾಣಂತಿಗೆ ಕೆಂಡ ಹಾಕುವ ಹೊತ್ತಿಗೆ ಬಂದರು. ಕೆಂಡ ಹಾಕಿದರು. ಮಗುವನ್ನು ನೋಡಿದರು. ಆಮೇಲೆ ನನ್ನೆದುರು ನೆಲದ ಮೇಲೆ ಕೂತು ಒಂದು ಕಲಮೇ ಬಿಚ್ಚಿ, ಒಬ್ಬರೇ, ನಿಧಾನವಾಗಿ, ಪೂರ್ತಿ ತಿಂದರು. ಕೈ ಒರೆಸಿಕೊಂಡು ಎಲೆಯನ್ನು ನನ್ನ ಕಡೆಗೆ ತಳ್ಳಿದರು. ದಯವಿಟ್ಟು ಅನ್ನುವ ಪದಗಳೆಲ್ಲ ಆ ಭಾಷೆಯಲ್ಲಿ ಬೇಕಾದಷ್ಟಿವೆ, ಒಂದನ್ನೂ ಬಳಸಲಿಲ್ಲ. "ಕಿನ್" ಅಂದರು. ತಿನ್ನು.

ತಿಂದೆ ಕಣೇ. ಎರಡು ತಿಂದೆ. ಸಿಹಿ ವಿಪರೀತ ಜಾಸ್ತಿಯಾಗಿತ್ತು. ಎರಡೂವರೆ ವರ್ಷ ರುಚಿ ನೋಡದೆ ಮಾಡಿದ ಕೈ, ಪಾಪ, ಗೊತ್ತಾಗುವುದಾದರೂ ಹೇಗೆ?

ಜನವರಿಯಲ್ಲಿ ನಿನ್ನ ಮನೆಗೆ ಕಜ್ಜಾಯಕ್ಕೆ ಬರುವ
ವೆಂಕು